ತಂಗಿ ಪಿಯುಸಿ ಪಾಸಾದ್ಲು, ಸಿಇಟಿ ಆಪ್ಷನ್ ಎಂಟ್ರಿಗೆ (ಕಾಲೇಜು, ಕೋರ್ಸ್ ಆರಿಸೋಕೆ) ಮುಂಚೆ ನಿಮ್ಮ ಅನುಭವ ಹೇಳಿ

ಪಾಂಡವಪುರದ ಅಣ್ಣ:
ಎಲ್ರಿಗೂ ನಮಸ್ಕಾರ. ತಂಗಿ ಪಿಸಿಎಂಬಿ, 84 ಪರ್ಸೆಂಟ್. ಸಿಇಟಿಲಿ ಇಂಜಿನಿಯರಿಂಗ್ ರ‍್ಯಾಂಕ್ ಸುಮಾರು, ಅಗ್ರಿಗೆ ಪರವಾಗಿಲ್ಲ. ಅವಳಿಗೆ ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಲ್ಲಿ ಬಿಎಸ್ಸಿ ಅಗ್ರಿ ಓದೋ ಆಸೆ. ಅಪ್ಪಂಗೆ ಕಂಪ್ಯೂಟರ್ ಸೈನ್ಸೇ ಆಗ್ಬೇಕು, ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟಾದ್ರೂ ಸರಿ ಅಂತಾರೆ. ಮನೇಲಿ ಎರಡು ಎಕರೆ ಕಬ್ಬು ಬಿಟ್ರೆ ಬೇರೆ ಆದಾಯ ಇಲ್ಲ. ಓದಿ ಮುಗಿಸಿದವ್ರು, ಮಕ್ಕಳನ್ನ ಓದಿಸಿದವ್ರು ಹೇಳಿ.

ಮದ್ದೂರು ಕಡೆ ತಂದೆ:
ನೋಡು ತಮ್ಮ, ನಮ್ದು ಕೇಳು. 2018ರಲ್ಲಿ ಮಗನಿಗೆ ಮೊದಲನೇ ರೌಂಡಲ್ಲೇ ಮೈಸೂರಲ್ಲಿ ಸಿವಿಲ್ ಸಿಕ್ಕಿತ್ತು. ಸೀಟು ಕೈಲಿ ಮಡೀಕಂಡು ಮುಂದಿನ ರೌಂಡ್ ನೋಡೋಕೆ ಚಾಯ್ಸ್ 2 ಒತ್ಬೇಕು, ನಾನು ಸೈಬರ್ ಸೆಂಟರಲ್ಲಿ ಕೂತ್ಕಂಡು ಚಾಯ್ಸ್ 3 ಒತ್ತಿಸ್ಬುಟ್ಟೆ, ಇದ್ದ ಸೀಟೂ ಹೋಯ್ತು, ಮುಂದಿನ ರೌಂಡಲ್ಲಿ ಏನೂ ಬರ್ಲಿಲ್ಲ. ಆಮೇಲೆ ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟು. ಡೊನೇಶನ್ 4 ಲಕ್ಷ, ಫೀಸು ವರ್ಷಕ್ಕೆ 1 ಲಕ್ಷ 90 ಸಾವಿರ, ಪಿಜಿ ತಿಂಗಳಿಗೆ 7,500ರಂಗೆ 40 ತಿಂಗಳು, ಲ್ಯಾಪ್‌ಟಾಪ್ 48 ಸಾವಿರ, ಪ್ಲೇಸ್‌ಮೆಂಟ್ ಟ್ರೈನಿಂಗ್ ಅಂತ 18 ಸಾವಿರ, ಪಿಜಿ ಅಡ್ವಾನ್ಸಲ್ಲಿ ಪೇಂಟಿಂಗ್ ಅಂತ 5 ಸಾವಿರ ಮುರ್ಕಂಡ್ರು. ಓಡಾಟದ ಖರ್ಚು ಬುಟ್ಟು 15 ಲಕ್ಷ 31 ಸಾವಿರ, ಲೆಕ್ಕದ ಬುಕ್ಕು ಈಗ್ಲೂ ಬೀರೂಲಿ ಐತೆ. ನಾಲೆ ಪಕ್ಕದ 20 ಗುಂಟೆ ಗದ್ದೆ ಮಾರ್ದೆ. ಎಂ-3 ಅಂತ ಮೂರನೇ ಸೆಮ್ ಗಣಿತ ಬ್ಯಾಕ್ ಉಳಿದು ಒಂದು ವರ್ಷ ಹೋಯ್ತು. ಈಗ ಅವನಿಗೆ 24 ಸಾವಿರ ಸಂಬಳ, ರೂಮ್ ಬಾಡಿಗೆಗೇ 9 ಸಾವಿರ. ಆ ಗದ್ದೆ ಮುಂದೆ ಹೋಗುವಾಗ ನಾನು ಇವತ್ತಿಗೂ ಆ ಕಡೆ ತಿರುಗಿ ನೋಡಲ್ಲ.

ಕೆ.ಆರ್. ಪೇಟೆ ಅಗ್ರಿ ಹುಡುಗಿ:
ನಾನು ಓದಿದ್ದು ವಿ.ಸಿ. ಫಾರಂನಲ್ಲೇ, ಕೃಷಿಕರ ಕೋಟಾದಲ್ಲಿ. ಆ ಕೋಟಾದವ್ರಿಗೆ ಇರೋ ಪ್ರಾಕ್ಟಿಕಲ್ ಪರೀಕ್ಷೆ ದಿನ ಟೇಬಲ್ ಮೇಲೆ ಸಣ್ಣ ಸಣ್ಣ ಬಟ್ಟಲಲ್ಲಿ ಬೀಜ ಇಟ್ಟಿದ್ರು. ಹುಚ್ಚೆಳ್ಳು ನೋಡಿದ ತಕ್ಷಣ ಬರೆದೆ, ನಮ್ಮಜ್ಜಿ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕ್ತಿದ್ದದ್ದೇ ಅದು. ಪಕ್ಕದ ಹುಡುಗ ಹುರಳೀನ ಅಲಸಂದೆ ಅಂತ ಬರ್ದಿದ್ದ. ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ರಾಗಿ ತಳಿ ಬೆಳೆಸಿದ ಜಾಗದಲ್ಲಿ ಓದಿದೆ ಅನ್ನೋ ಹೆಮ್ಮೆ ನನಗೆ ಈಗ್ಲೂ ಇದೆ. ಆದ್ರೆ ಕೆಲಸ ಸಲೀಸಲ್ಲ. ಬ್ಯಾಂಕ್ ಕೃಷಿ ಅಧಿಕಾರಿ ಪರೀಕ್ಷೆ ಎರಡು ಸಲ ಬರ್ದೆ, ಎರಡನೇ ಸಲ ಒಂದೂವರೆ ಮಾರ್ಕಲ್ಲಿ ಹೋಯ್ತು. ಕೋಚಿಂಗ್ 32 ಸಾವಿರ, ಧಾರವಾಡದಲ್ಲಿ ರೂಮು, ಊಟ ಬೇರೆ. ಈಗ ಬೀಜದ ಕಂಪನಿ, 26 ಸಾವಿರ, ನಾಗಮಂಗಲ ಕಡೆ ದಿನಾ ಸ್ಕೂಟರಲ್ಲಿ 70 ಕಿಲೋಮೀಟರ್.

ಕುವೆಂಪುನಗರದವ್ರು:
ಈ ಕೋಟಾದಿಂದ್ಲೇ ನನ್ನ ಮಗನಿಗೆ ಅಗ್ರಿ ಸೀಟು ತಪ್ಪಿದ್ದು. ಅವನಿಗಿಂತ ಹಿಂದಿನ ರ‍್ಯಾಂಕಿನವ್ರು ಒಳಗೆ ಹೋದ್ರು. ಹುಚ್ಚೆಳ್ಳು ಗುರುತಿಸಿದ್ರೆ ವಿಜ್ಞಾನ ಬಂತಾ?

ಕೆ.ಆರ್. ಪೇಟೆ ಅಗ್ರಿ ಹುಡುಗಿ:
ಸರ್, ಪಿಯುಸಿ ಬಯಾಲಜೀಲಿ ನನಗೆ 93. ಪರೀಕ್ಷೆ ಹಿಂದಿನ ವಾರ ಪೂರ್ತಿ ರಾತ್ರಿ ಪಾಳಿ ಕರೆಂಟಲ್ಲಿ ಗದ್ದೆಗೆ ನೀರು ಕಟ್ಟಿ ಬಂದು ಓದಿದೋಳು ನಾನು. ಸಿಟೀಲಿದ್ದು ತಾತನ ಪಹಣಿ ತೋರಿಸಿ ಕೋಟಾ ತಗೊಂಡವ್ರನ್ನ ಕೇಳಿ, ನನ್ನನ್ನ ಕೇಳ್ಬೇಡಿ.

ಕುವೆಂಪುನಗರದವ್ರು:
ಪಹಣಿ ಇದ್ರೆ ತಪ್ಪೇನು? ನಮ್ಮ ಅಣ್ಣ ಟಿ. ನರಸೀಪುರದಲ್ಲಿ ಇನ್ನೂ ವ್ಯವಸಾಯ ಮಾಡ್ತಾರೆ.

ಮೇಟಗಳ್ಳಿ ಟೂಲ್ ರೂಮ್:
ಜಗಳ ಬುಡಿ. ನಾನು ಎಸ್ಸೆಸ್ಸೆಲ್ಸಿ ಆದ್ಮೇಲೆ ಜಿಟಿಟಿಸಿಲಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡ್ದೆ, ಮೂರು ವರ್ಷ ಓದು, ಒಂದು ವರ್ಷ ಟ್ರೈನಿಂಗ್. ಶುರೂಲಿ ಆರು ತಿಂಗಳು ಬರೀ ಫೈಲಿಂಗು, ಕೈಯೆಲ್ಲ ಬೊಬ್ಬೆ, ಅಮ್ಮ ರಾತ್ರಿ ಹರಳೆಣ್ಣೆ ಹಚ್ಚೋಳು. 20 ವರ್ಷಕ್ಕೇ ಸಂಬಳ ತಗಂಡೆ, ಅಕ್ಕನ ಮದುವೆ ಸಾಲ ತೀರಿಸ್ದೆ. ಪಿಯುಸಿ, ಸಿಇಟಿ ಅಂತ ಯಾಕೆ ಸಾಯ್ತೀರ?

ಸರಸ್ವತಿಪುರಂ ಟೀಚರ್:
ಅವ್ರ ತಂಗಿ ಆಗ್ಲೇ ಪಿಯುಸಿ ಮುಗಿಸಿದ್ದಾಳೆ ಸ್ವಾಮಿ, ಓದಿ ಉತ್ತರ ಕೊಡಿ. ನಾನು ಮೈಸೂರಿನ ಆರ್‌ಐಇಲಿ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ನಾಲ್ಕು ವರ್ಷದ ಬಿಎಸ್ಸಿ ಬಿಎಡ್ ಮಾಡಿದವಳು. ಪಾಠ ಮಾಡೋದು ಅಲ್ಲಿ ಕಲಿತಷ್ಟು ಎಲ್ಲೂ ಕಲೀಲಿಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಿ ಆರು ವರ್ಷ ಆಯ್ತು, ಖಾಸಗಿ ಶಾಲೇಲಿ 17 ಸಾವಿರ, ಏಪ್ರಿಲ್ ಮೇ ಎರಡು ತಿಂಗಳು ಸಂಬಳಾನೇ ಇಲ್ಲ. ಆದ್ರೂ ಮಕ್ಕಳ ಮುಂದೆ ನಿಂತಾಗ ಬೇರೆ ಕೆಲಸ ಬೇಕು ಅನ್ಸಿಲ್ಲ.

ಮೇಟಗಳ್ಳಿ ಟೂಲ್ ರೂಮ್:
17 ಸಾವಿರಕ್ಕೆ ನಮ್ಮ ಶಾಪಲ್ಲಿ ಹೆಲ್ಪರ್ ಸಿಗಲ್ಲ ಮೇಡಂ.

ಸರಸ್ವತಿಪುರಂ ಟೀಚರ್:
ನಿಮಗೆ ಸ್ಕ್ರೂ ಗೇಜ್ ಓದೋಕೆ ಹೇಳ್ಕೊಟ್ಟಿದ್ದೂ ಒಬ್ರು ಟೀಚರ್ರೇ. ಮಾತಾಡುವಾಗ ಅದು ನೆನಪಿರಲಿ.

ಮದ್ದೂರು ಕಡೆ ತಂದೆ:
ಸಂಬಳದ ಮಾತು ಅತ್ಲಾಗಿರ್ಲಿ. ತಮ್ಮ, ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಮೀಸಲಾತಿ ಹಾಕಿದ್ದೀರಾ? ಒಂದರಿಂದ ಹತ್ತರವರೆಗೂ ಓದಿದ ಪತ್ರಕ್ಕೆ ಬಿಇಓ ಸಹಿ ಬೇಕು. ನನ್ನ ಮಗ ಮೂರನೇ ಕ್ಲಾಸು ಒಂದು ವರ್ಷ ಮಂಡ್ಯ ಟೌನಲ್ಲಿ ಅವರತ್ತೆ ಮನೇಲಿದ್ದು ಓದಿದ್ದ, ಅಷ್ಟಕ್ಕೇ ಗ್ರಾಮೀಣ ಹೋಯ್ತು.

ಪಾಂಡವಪುರದ ಅಣ್ಣ:
ಎರಡೂ ಐತಣ್ಣ. ಅಗ್ರಿ ಅಕ್ಕ, ಹಾಸ್ಟೆಲ್ ಬೇಕೇ ಬೇಕಾ? ಶಕ್ತಿ ಯೋಜನೆ ಇರೋದ್ರಿಂದ ಬಸ್ ಚಾರ್ಜ್ ಇಲ್ಲ, ಮನೆಯಿಂದ್ಲೇ ಓಡಾಡ್ಲಿ ಅಂತಾರೆ ಅಮ್ಮ.

ಕೆ.ಆರ್. ಪೇಟೆ ಅಗ್ರಿ ಹುಡುಗಿ:
ಹಾಸ್ಟೆಲ್‌ಗೆ ಹಾಕಿ ಅಣ್ಣ. ಬೆಳಿಗ್ಗೆ ಬೇಗ ಫೀಲ್ಡಲ್ಲಿರ್ಬೇಕಾದ ದಿನ ಇರುತ್ತೆ, ಮೊದಲನೇ ಸೆಮ್ಮಲ್ಲಿ ನಾನು ಊರಿಂದ ಓಡಾಡಿ ಬಸ್ ಸಿಗದೆ ಅಟೆಂಡೆನ್ಸ್ ಕಮ್ಮಿ ಆಯ್ತು. ನಮ್ಮಪ್ಪ ಕೈ ಮುಗಿದು ಕೇಳ್ಕಂಡ ಮೇಲೆ ಪರೀಕ್ಷೆಗೆ ಕೂರಿಸಿದ್ರು.

ಕುವೆಂಪುನಗರದವ್ರು:
ನೋಡಿ, ಅಟೆಂಡೆನ್ಸಲ್ಲೂ ರಿಯಾಯ್ತಿ.

ಕೆ.ಆರ್. ಪೇಟೆ ಅಗ್ರಿ ಹುಡುಗಿ:
ನಿಮಗೆ ಇನ್ನು ಉತ್ತರ ಕೊಡಲ್ಲ ಸರ್. ಅಣ್ಣ, ತಂಗಿಗೆ ನನಗೆ ಮೆಸೇಜ್ ಮಾಡೋಕೆ ಹೇಳಿ, ನನ್ನ ರೆಕಾರ್ಡ್ ಬುಕ್ಕೆಲ್ಲ ಹಂಗೇ ಇವೆ.