ಮಂಡಿ ಲೆಕ್ಕ ಟರ್ಬೋ ಪ್ಯಾಸ್ಕಲ್‌ನಿಂದ ಫ್ರೀ ಪ್ಯಾಸ್ಕಲ್‌ಗೆ: ಸಿಸ್‌ಯುಟಿಲ್ಸ್ ಹಾಕಿದವರು ಅನುಭವ ಹೇಳಿ

ಕೋಲಾರ_ಮಂಡಿಹುಡುಗ: ನಮ್ಮ ಮಾವನ ಟೊಮೆಟೊ ಮಂಡಿಯ ಲೆಕ್ಕ ಇವತ್ತಿಗೂ ಟರ್ಬೋ ಪ್ಯಾಸ್ಕಲ್ 7ರಲ್ಲಿ (ಡಾಸ್ ಕಾಲದ ಪ್ಯಾಸ್ಕಲ್ ಕಂಪೈಲರ್) ಬರೆದ ಪ್ರೋಗ್ರಾಂನಲ್ಲೇ ನಡೆಯುತ್ತಿದೆ. ಬಾಕ್ಸ್, ಹಮಾಲಿ, ಕಮಿಷನ್, ರೈತರ ಪಟ್ಟಿ ಎಲ್ಲ ಅದರಲ್ಲೇ. ಈಗ ಫ್ರೀ ಪ್ಯಾಸ್ಕಲ್‌ಗೆ, ಅಂದರೆ ಇವತ್ತಿನ ಉಚಿತ ಪ್ಯಾಸ್ಕಲ್ ಕಂಪೈಲರ್‌ಗೆ, ತರಬೇಕು. ಹಳೇ ಡಾಸ್ ಯೂನಿಟ್ಟನ್ನೇ (ಯೂನಿಟ್ ಅಂದರೆ ಸಿದ್ಧ ಫಂಕ್ಷನ್‌ಗಳ ಕಟ್ಟು) ಉಳಿಸಿಕೊಳ್ಳಲಾ, ದಿನಾಂಕ, ಫೈಲ್, ಸಂಖ್ಯೆ ಕೆಲಸಕ್ಕಿರುವ ಹೊಸ ಯೂನಿಟ್ ಸಿಸ್‌ಯುಟಿಲ್ಸ್‌ಗೆ ಹೋಗಲಾ? ಮಾಡಿ ನೋಡಿದವರು ಹೇಳಿ.

ಗೂಡಿನಮನೆ_ಶಿಡ್ಲಘಟ್ಟ: ಹೋಗಿ, ಆದರೆ ದಿನಾಂಕದ ಹತ್ತಿರ ಹುಷಾರು. ನಮ್ಮದು ರೇಷ್ಮೆ ಗೂಡಿನ ಲೆಕ್ಕ. ಸಾಲ ಕೊಟ್ಟ ದಿನ ಟೈಪ್ ಮಾಡಿದರೆ ಅಕ್ಷರವನ್ನು ದಿನಾಂಕ ಮಾಡುವ ಸ್ಟ್ರ್‌ಟುಡೇಟ್ ಫಂಕ್ಷನ್ ಓದಿಕೊಂಡು ಬಡ್ಡಿ ಹಾಕುತ್ತಿತ್ತು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಜೂನ್‌ನಲ್ಲಿ ಹೊಸ ಕಂಪ್ಯೂಟರ್ ತಂದೆ. ಅದರ ವಿಂಡೋಸ್‌ನಲ್ಲಿ ಅಮೆರಿಕದ ಸೆಟ್ಟಿಂಗ್, ತಿಂಗಳು ಮೊದಲು. 5/6 ಅಂದರೆ ಜೂನ್ 5 ಅಲ್ಲ, ಮೇ 6! ಹನ್ನೆರಡು ದಿನ ಒಂದೂ ತಪ್ಪು ತೋರಿಸಲಿಲ್ಲ. ಹದಿಮೂರನೇ ತಾರೀಕು ಬೆಳಿಗ್ಗೆ ಪ್ರೋಗ್ರಾಂ ಬಿತ್ತು, ಹದಿಮೂರನೇ ತಿಂಗಳು ಎಲ್ಲಿಂದ ಬರಬೇಕು? ಅಷ್ಟರಲ್ಲಿ ಬಡ್ಡಿಯಲ್ಲಿ 4,300 ರೂಪಾಯಿ ಹೆಚ್ಚುಕಮ್ಮಿ. ಒಬ್ಬ ರೀಲರ್ (ಗೂಡಿನಿಂದ ನೂಲು ತೆಗೆಯುವವರು) ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಆಮೇಲೆ ದಿನ ಮೊದಲೋ ತಿಂಗಳು ಮೊದಲೋ ಅಂತ ಹೇಳುವ ಶಾರ್ಟ್‌ಡೇಟ್‌ಫಾರ್ಮ್ಯಾಟ್‌ ನಾನೇ ಬರೆದು ಕೂರಿಸಿದೆ.

ಹಳೇಟರ್ಬೋ_ತುಮಕೂರು: ಅದಕ್ಕೇ ನಾನು ಆ ಯೂನಿಟ್ ಮುಟ್ಟುವುದಿಲ್ಲ. ದಿನ, ತಿಂಗಳು, ವರ್ಷ ಮೂರು ಬೇರೆ ಬೇರೆ ಅಂಕೆ ಕೇಳಿ ತಗೊಂಡರೆ ಯಾವ ಅಮೆರಿಕವೂ ಬರುವುದಿಲ್ಲ. ಟೈಪ್ ಮಾಡಿದ್ದನ್ನು ಸಂಖ್ಯೆ ಮಾಡಲು ಹಳೇ ವ್ಯಾಲ್ ಇದೆ, ತಪ್ಪು ಎಷ್ಟನೇ ಅಕ್ಷರದಲ್ಲಿ ಅಂತಲೂ ಹೇಳುತ್ತೆ. ಸಿಸ್‌ಯುಟಿಲ್ಸ್ ಹಾಕಿದರೆ ಎಕ್ಸ್ಇ (ಓಡುವ ಪ್ರೋಗ್ರಾಂ ಫೈಲ್) ಸುಮ್ನೆ ಊದಿಕೊಳ್ಳುತ್ತೆ. 1992ರಿಂದ ಹೀಗೇ ಬರೆಯುತ್ತಿದ್ದೇನೆ.

ಲ್ಯಾಬ್‌ಮೇಷ್ಟ್ರು_ಚಿಕ್ಕಬಳ್ಳಾಪುರ: ಸ್ವಾಮಿ, ಎಕ್ಸ್ಇ ಊದಿದರೆ ಏನಾಗುತ್ತೆ? ಈಗಲೂ ಫ್ಲಾಪಿಯಲ್ಲಿ ಹೊರುತ್ತೀರಾ? ನನ್ನ ಗೋಳು ಬೇರೆ. ನಾನು ಎರಡನ್ನೂ ಹಾಕಿದೆ, ಡಾಸ್ ಕೂಡ, ಸಿಸ್‌ಯುಟಿಲ್ಸ್ ಕೂಡ. ಎರಡರಲ್ಲೂ ಫೈಲ್ ಹುಡುಕುವ ಫೈಂಡ್‌ಫಸ್ಟ್ ಇದೆ. ಡಾಸ್‌ನದು ಪ್ರೊಸೀಜರ್, ಸಿಸ್‌ಯುಟಿಲ್ಸ್‌ನದು ಉತ್ತರ ವಾಪಸ್ ಕೊಡುವ ಫಂಕ್ಷನ್. ಸಿಕ್ಕ ಫೈಲಿನ ವಿವರ ಇಡಲು ಒಂದಕ್ಕೆ ಸರ್ಚ್‌ರೆಕ್, ಇನ್ನೊಂದಕ್ಕೆ ಟಿಸರ್ಚ್‌ರೆಕ್. ಯೂನಿಟ್‌ಗಳ ಹೆಸರು ಬರೆಯುವ ಯೂಸಸ್ ಸಾಲಿನಲ್ಲಿ ಕೊನೆಗೆ ಬಂದದ್ದು ಗೆಲ್ಲುತ್ತೆ. ಮೂರು ರಾತ್ರಿ ಕಂಪೈಲರ್‌ಗೆ ಬೈದೆ. ನಾಲ್ಕನೇ ದಿನ ಹುಡುಗಿಯೊಬ್ಬಳು, ಎರಡನೇ ವರ್ಷದವಳು, 'ಸಾರ್, ಫೈಂಡ್‌ಫಸ್ಟ್‌ಗೆ ಮೊದಲು ಯೂನಿಟ್ ಹೆಸರು, ಚುಕ್ಕಿ ಹಾಕಿ' ಅಂದಳು. ಮುಗೀತು.

ಇನ್ನೊಂದು. ಟರ್ಬೋದಲ್ಲಿ ಹುಡುಕಾಟ ಮುಗಿಸಿ ಮುಚ್ಚುವ ಫೈಂಡ್‌ಕ್ಲೋಸ್ ಇರಲೇ ಇಲ್ಲ, ಹಳೇ ಕೋಡ್‌ನಲ್ಲಿ ಅದು ಸಿಗುವುದಿಲ್ಲ. ನಾನೂ ಸೇರಿಸಲಿಲ್ಲ. ಹಳೇ ಫೋಲ್ಡರ್ ಅಳಿಸಲು ಹೋದರೆ ವಿಂಡೋಸ್ 'ಬಳಕೆಯಲ್ಲಿದೆ' ಅನ್ನುತ್ತಿತ್ತು. ವೈರಸ್ ಅಂದುಕೊಂಡು ಅಂಗಡಿಯವನಿಗೆ 600 ರೂಪಾಯಿ ಕೊಟ್ಟು ಫಾರ್ಮ್ಯಾಟ್ ಮಾಡಿಸಿದೆ!

ಹಳೇಟರ್ಬೋ_ತುಮಕೂರು: ಮೇಷ್ಟ್ರೇ, ಫ್ಲಾಪಿ ಮಾತು ಬೇಡ. ಹೊಸ ಪೆಂಟಿಯಂನಲ್ಲಿ ಟರ್ಬೋದ ಪರದೆ ಯೂನಿಟ್ ಸಿಆರ್‌ಟಿ 200ನೇ ಎರರ್ (ಸೊನ್ನೆಯಿಂದ ಭಾಗಾಕಾರ) ಕೊಟ್ಟು ಸಾಯುತ್ತಿದ್ದಾಗ ಅದನ್ನು ಸರಿ ಮಾಡಿಕೊಂಡು ನಾಲ್ಕು ಅಂಗಡಿ ನಡೆಸಿದವನು ನಾನು. ಅಕ್ಷರ ಎಣಿಸಿ ಬರೆದ ಕೋಡ್ ಅದು. ನಿಮ್ಮ ಹಾಗೆ ಫಾರ್ಮ್ಯಾಟ್ ಮಾಡಿಸಲಿಲ್ಲ.

ಬಿಸಿರಕ್ತ_ಗೌರಿಬಿದನೂರು: ಇದೆಲ್ಲ ಯಾಕೆ, ಪೈಥಾನ್‌ನಲ್ಲಿ ಒಂದು ವಾರದ ಕೆಲಸ.

ಹಳೇಟರ್ಬೋ_ತುಮಕೂರು: ಬಂದಪ್ಪ. ಮಂಡಿಯಲ್ಲಿ ಬೆಳಗಿನ ಜಾವ ಕರೆಂಟ್ ಹೋಗಿ ಬಂದಾಗ ನೀನು ಬರುತ್ತೀಯಾ, ನಿನ್ನ ಪೈಥಾನ್ ಬರುತ್ತಾ?

ಲ್ಯಾಬ್‌ಮೇಷ್ಟ್ರು_ಚಿಕ್ಕಬಳ್ಳಾಪುರ: ಇಲ್ಲಿ ಮಾತ್ರ ಅವರ ಪಕ್ಷ ನಾನು.

ಕೊಬ್ಬರಿ_ತಿಪಟೂರು: ನನ್ನ ಕಥೆ ಕೇಳಿ. ಟೈಪ್ ಮಾಡಿದ್ದನ್ನು ಓದುವ ರೀಡ್‌ಎಲ್‌ಎನ್‌ನಲ್ಲಿ ಸಂಖ್ಯೆಯ ಜಾಗಕ್ಕೆ ಅಕ್ಷರ ಒತ್ತಿದರೆ ಹಿಂದೆ ರನ್‌ಟೈಮ್ ಎರರ್ 106 ಬರುತ್ತಿತ್ತು. ನಮ್ಮ ಗುಮಾಸ್ತರಿಗೆ ಆ ಅಂಕೆ ಬಾಯಿಪಾಠ. ಸಿಸ್‌ಯುಟಿಲ್ಸ್ ಹಾಕಿದ ಮೇಲೆ ಅದೇ ತಪ್ಪಿಗೆ 217. 'ಹೊಸ ರೋಗ' ಅಂತ ರಾತ್ರಿ ಹತ್ತಕ್ಕೆ ಫೋನ್. ತಪ್ಪೆಲ್ಲ ಈಗ ಎಕ್ಸೆಪ್ಷನ್ (ಕೋಡ್‌ನಲ್ಲೇ ಹಿಡಿಯಬಹುದಾದ ತಪ್ಪಿನ ಸೂಚನೆ) ಆಗಿ ಬರುತ್ತೆ, ನೀವು ಹಿಡಿಯದಿದ್ದರೆ 217. ನಾನು ಎಲ್ಲ ಕಡೆ, ಟೈಪ್ ಮಾಡಿದ್ದು ಸಂಖ್ಯೆಯಾಗುತ್ತಾ ಅಂತ ನೋಡುವ ಟ್ರೈಸ್ಟ್ರ್‌ಟುಇಂಟ್ ಹಾಕಿದೆ. ಅಂಕೆಯ ಕೊನೆಗೆ ಒಂದು ಖಾಲಿ ಜಾಗ ಉಳಿದರೂ ಒಪ್ಪಲ್ಲ, ಮೊದಲು ಟ್ರಿಮ್ ಮಾಡಬೇಕು. 61 ಕಡೆ ತಿದ್ದಿದೆ, ಎಣಿಸಿದ್ದೇನೆ.

ದುಡ್ಡಿನ ಅಲ್ಪವಿರಾಮ ಇನ್ನೊಂದು ತಲೆನೋವು. ಸಂಖ್ಯೆಯನ್ನು ಬರಹ ಮಾಡಿಕೊಡುವ ಫಾರ್ಮ್ಯಾಟ್‌ಫ್ಲೋಟ್ ಮೂರು ಮೂರಕ್ಕೇ ಹಾಕುತ್ತೆ. 12,34,567 ಬರೋ ಜಾಗದಲ್ಲಿ 1,234,567. ನಮ್ಮಪ್ಪ ಬಿಲ್ಲು ನೋಡಿ 'ಇದು ಒಂದು ಲಕ್ಷವೋ ಹನ್ನೆರಡೋ?' ಅಂತ ವಾಪಸ್ ಕೊಟ್ಟರು. ಲಕ್ಷಕ್ಕೆ ನಾನೇ ಫಂಕ್ಷನ್ ಬರೆದೆ. ಟೊಮೆಟೊದವರಿಗೆ ಇದರ ಗೊಡವೆ ಇರಲ್ಲ ಬಿಡಿ, ಬೆಲೆ ಬಿದ್ದರೆ ರಸ್ತೆಗೆ ಸುರಿಯೋ ಮಾಲು.

ಕೋಲಾರ_ಮಂಡಿಹುಡುಗ: ಕೊಬ್ಬರಿ ಅಣ್ಣ, ಟೊಮೆಟೊ ಬಗ್ಗೆ ಹಗುರವಾಗಿ ಮಾತಾಡಬೇಡಿ. 15 ಕೆಜಿ ಬಾಕ್ಸಿಗೆ ಎರಡು ಸಾವಿರ ದಾಟಿದ್ದನ್ನೂ ನೋಡಿದ ಮಂಡಿ ಇದು, 2023ರಲ್ಲಿ.

ಕೊಬ್ಬರಿ_ತಿಪಟೂರು: ಒಂದು ಸೀಸನ್. ಮಿಕ್ಕ ವರ್ಷ?

ಗೂಡಿನಮನೆ_ಶಿಡ್ಲಘಟ್ಟ: ಬೆಲೆ ಜಗಳ ಬೇರೆ ಕಡೆ ಮಾಡಿಕೊಳ್ಳಿ. ಗೂಡು ಬೆಳೆಯೋರು ಬಾಯಿ ಬಿಟ್ಟರೆ ನೀವಿಬ್ಬರೂ ಎದ್ದು ಹೋಗ್ತೀರ.

ಕೋಲಾರ_ಮಂಡಿಹುಡುಗ: ಆಯ್ತು. ಶಿಡ್ಲಘಟ್ಟದ ಅಣ್ಣ, ಆ ಶಾರ್ಟ್‌ಡೇಟ್‌ಫಾರ್ಮ್ಯಾಟ್ ಸಾಲು ಎಲ್ಲಿ ಹಾಕಿದ್ರಿ?

ಗೂಡಿನಮನೆ_ಶಿಡ್ಲಘಟ್ಟ: ಮುಖ್ಯ ಬಿಗಿನ್ ಆದ ತಕ್ಷಣ, ಬೇರೆ ಏನೂ ಓದೋ ಮೊದಲು. ಜೊತೆಗೆ ಡೇಟ್‌ಸೆಪರೇಟರ್ (ದಿನ, ತಿಂಗಳ ನಡುವಿನ ಗುರುತು) ಕೂಡ ಕೂರಿಸಿ. ಅದನ್ನು ಮರೆತು ಮತ್ತೆ ಎರಡು ದಿನ ಕಳೆದೆ.