‘ಅಡೊಲೆಸೆನ್ಸ್’: ನಿಜಕ್ಕೂ ಒಂದೇ ಟೇಕಾ? ಎರಡನೇ ಕಂತು ಯಾಕೆ ಸಡಿಲ? (ಕಥೆ ಪೂರ್ತಿ ಬಯಲಾಗುತ್ತೆ, ನೋಡದವರು ಇಲ್ಲೇ ನಿಲ್ಲಿ)

ಕಿಟಕಿಬದಿ:

ಸಹಪಾಠಿ ಕೇಟಿಯನ್ನ ಕೊಂದ ಆರೋಪದ ಮೇಲೆ 13ರ ಹುಡುಗ ಜೇಮಿಯನ್ನ ಪೊಲೀಸರು ಹಿಡಿಯೋ ನೆಟ್‌ಫ್ಲಿಕ್ಸ್ ಧಾರಾವಾಹಿ ಇದು. ನಾಲ್ಕೂ ಕಂತು ನೋಡಿ ಮುಗಿಸಿದವರಿಗೆ ಮಾತ್ರ ಈ ಪ್ರಶ್ನೆಗಳು. ಹೊಗಳಿಕೆ ಎಲ್ಲ ಕಡೆ ಓದಿದ್ದಾಯ್ತು, ನನಗೆ ಬೇಕಿರೋದು ವಿವರ.

ಒಂದು, ಪ್ರತಿ ಕಂತೂ ಒಂದೇ ಟೇಕ್, ಅಂದ್ರೆ ನಡುವೆ ಎಲ್ಲೂ ಕತ್ತರಿಸದೆ ಚಿತ್ರೀಕರಿಸಿದ್ದು ಅಂತಾರೆ. ಎರಡನೇ ಕಂತಲ್ಲಿ ಜೇಮಿಯ ಗೆಳೆಯ ರಯಾನ್ ಶಾಲೆಯ ಕಿಟಕಿಯಿಂದ ಹಾರಿದಾಗ ಕ್ಯಾಮೆರಾನೂ ಅವನ ಬೆನ್ನಿಗೇ ಹೊರಗೆ ಬರುತ್ತೆ. ಕೊನೆಗೆ ಅದೇ ಕ್ಯಾಮೆರಾ ಆಕಾಶಕ್ಕೆ ಏರಿ, ಊರು ದಾಟಿ, ಜೇಮಿಯ ಅಪ್ಪ ಎಡಿಯ ಮುಖದ ಮುಂದೆ ಇಳಿಯುತ್ತೆ. ಇವೆರಡು ಕಡೆಯಾದರೂ ಕತ್ತರಿ ಆಡಿಸಿರಲೇಬೇಕಲ್ಲ?

ಎರಡು, ಮೊದಲ ಕಂತಿನ ಕೊನೆಗೇ ಜೇಮಿಯೇ ಕೊಂದದ್ದು ಕಾಣುವ ಸಿಸಿಟಿವಿ ತೋರಿಸಿಬಿಡ್ತಾರೆ. ತಪ್ಪು ಹುಡುಗನನ್ನ ಹಿಡಿದಿದ್ದಾರೆ, ಎಲ್ಲೋ ಒಂದು ತಿರುವು ಇರುತ್ತೆ ಅಂತ ಕಾದು ಕೂತರೆ ಬರೋದೇ ಇಲ್ಲ. ಹಾಗಾದ್ರೆ ಇದನ್ನ ಥ್ರಿಲ್ಲರ್ ಅನ್ನೋದು ಯಾಕೆ?

ಮೂರು, ಶಾಲೆಯ ಕಂತು ಉಳಿದ ಮೂರರ ಮುಂದೆ ಸಪ್ಪೆ. ನನಗೊಬ್ಬನಿಗೇ ಹಾಗನ್ನಿಸಿತಾ?

ನಾಲ್ಕು, ಠಾಣೆಯಲ್ಲಿ ತೋರಿಸಿದ ಕ್ರಮಗಳು ಎಷ್ಟರ ಮಟ್ಟಿಗೆ ಸರಿ?

ಫೋಕಸ್‌ಪುಲ್ಲರ್:

ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ. ಕತ್ತರಿ ಇಲ್ಲ. ಗ್ರಾಫಿಕ್ಸ್ ಇದೆ. ಇವೆರಡನ್ನ ಕಲಸಿಕೊಂಡೇ ಅರ್ಧ ಜಗಳ ನಡೀತಿರೋದು.

ಕ್ಯಾಮೆರಾ ಡಿಜೆಐ ರೋನಿನ್ 4ಡಿ. ಕ್ಯಾಮೆರಾ ಅಲುಗದಂತೆ ಹಿಡಿಯೋ ಸಾಮಾನ್ಯ ಗಿಂಬಲ್‌ಗೆ ಮೂರು ಅಕ್ಷ, ಇದಕ್ಕೆ ನಾಲ್ಕು. ನಾಲ್ಕನೆಯದು ಮೇಲೆ-ಕೆಳಗಿನ ಕುಲುಕಾಟ ನುಂಗುತ್ತೆ, ಹಾಗಾಗಿ ಹೊತ್ತವನು ಓಡಿದರೂ ಚಿತ್ರ ಜಿಗಿಯಲ್ಲ. ದೊಡ್ಡ ಸಿನಿಮಾ ಕ್ಯಾಮೆರಾಗೆ ಸ್ಟೆಡಿಕ್ಯಾಮ್ (ಕ್ಯಾಮೆರಾ ಸ್ಥಿರವಾಗಿಡಲು ಮೈಗೆ ಕಟ್ಟುವ ಸಾಧನ) ಕಟ್ಟಿಕೊಂಡವನು ಕಾರಿನೊಳಗೆ ತೂರೋಕಾಗಲ್ಲ, ಕಿಟಕಿಯಿಂದ ಆಚೆ ದಾಟಿಸೋಕೂ ಆಗಲ್ಲ. ಛಾಯಾಗ್ರಾಹಕ ಮ್ಯಾಥ್ಯೂ ಲೂಯಿಸ್ ಮತ್ತು ಇನ್ನೊಬ್ಬ ಆಪರೇಟರ್ ಇದನ್ನ ಕೈಯಿಂದ ಕೈಗೆ ದಾಟಿಸ್ತಾ ಹೋಗಿದ್ದಾರೆ. ಕಿಟಕಿ ಹತ್ತಿರ ಆಗಿರೋದೂ ಅದೇ. ಒಳಗಿನಿಂದ ಚೌಕಟ್ಟಿನಾಚೆ ಕೊಟ್ಟರು, ಹೊರಗೆ ಹಿಡಿದುಕೊಂಡು ಓಡಿದರು. ಚೌಕಟ್ಟಿನಲ್ಲಿ ಗಾಜು ಇರಲಿಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ಕೂರಿಸಿದ್ದು.

ಡ್ರೋನ್ ಇನ್ನೂ ಹಟಮಾರಿ ಕೆಲಸ. ನಡೀತಿರೋ ಶಾಟ್‌ನಲ್ಲೇ ಕ್ಯಾಮೆರಾವನ್ನ ಡ್ರೋನಿಗೆ ಸಿಕ್ಕಿಸಬೇಕು. ಅದು ಸುಮಾರು ಅರ್ಧ ಕಿಲೋಮೀಟರ್ ಹಾರಿ ಬರಬೇಕು. ಇಳಿಯುವ ಜಾಗದಲ್ಲಿ ಇನ್ನೊಂದು ತಂಡ ಅದನ್ನ ಹಿಡಿದು, ಅಲುಗಾಟ ಕಾಣದ ಹಾಗೆ ಎಡಿಯ ಹತ್ತಿರ ನಡೆಸಿಕೊಂಡು ಹೋಗಬೇಕು. ಗಾಳಿ ಜೋರಾಯ್ತೋ, ಅಲ್ಲಿಯವರೆಗೆ ಎಷ್ಟೇ ಚೆನ್ನಾಗಿ ಬಂದಿದ್ರೂ ಟೇಕ್ ಕೆಟ್ಟ ಹಾಗೆ. ಮೊದಲಿದ್ದ ಯೋಜನೆಯಲ್ಲಿ ಡ್ರೋನ್ ಮೇಲಿನಿಂದಲೇ ಕೊಲೆ ನಡೆದ ಜಾಗ ತೋರಿಸಿ ಮುಗಿಸುತ್ತಿತ್ತು. ಕೆಳಗಿಳಿದು ಮುಖಕ್ಕೆ ಬರೋದು ಆಮೇಲೆ ಸೇರಿದ್ದು. ಸೇರದೇ ಇದ್ದಿದ್ರೆ ಅದು ಬರೀ ಪ್ರವಾಸೋದ್ಯಮದ ವಿಡಿಯೋ ಆಗ್ತಿತ್ತು.

ಪ್ರತಿ ಕಂತಿಗೆ ಮೂರು ವಾರ. ಮೊದಲ ವಾರ ನಟರ ತಾಲೀಮು, ಎರಡನೆಯದು ಕ್ಯಾಮೆರಾ ಸಮೇತ ತಾಂತ್ರಿಕ ತಾಲೀಮು, ಮೂರನೆಯದು ಶೂಟಿಂಗ್. ದಿನಕ್ಕೆ ಎರಡರಂತೆ ಐದು ದಿನ, ಲೆಕ್ಕಕ್ಕೆ ಹತ್ತು ಟೇಕ್. ನೀವು ನೋಡಿದ್ದು ಒಂದನೇ ಕಂತಿಗೆ 2ನೇ ಟೇಕ್, ಎರಡಕ್ಕೆ 13, ಮೂರಕ್ಕೆ 11, ನಾಲ್ಕಕ್ಕೆ 16. ಹತ್ತು ದಾಟಿದ್ದು ಹೇಗೆ ಅಂದ್ರೆ, ಶುರುವಾಗಿ ಸ್ವಲ್ಪಕ್ಕೇ ಕೈಬಿಟ್ಟದ್ದೂ ಎಣಿಕೆಗೆ ಸೇರುತ್ತೆ.

ಒಂದೇ ಟೇಕ್ ಅಂತ ಸುಳ್ಳು ಹೇಳುವ ಸಿನಿಮಾಗಳಲ್ಲಿ ಹೊಲಿಗೆ ಹುಡುಕೋದು ಸುಲಭ. ಚೌಕಟ್ಟು ಪೂರ್ತಿ ಒಂದೇ ಬಣ್ಣಕ್ಕೆ ತಿರುಗುವ ಕ್ಷಣ ನೋಡಿ. ಯಾರದೋ ಕಪ್ಪು ಕೋಟಿನ ಬೆನ್ನು, ಕಂಬ, ಕತ್ತಲ ಬಾಗಿಲು, ಇಲ್ಲಾ ಎಲ್ಲ ಗೀರಾಗುವಷ್ಟು ಜೋರಾಗಿ ತಿರುಗುವ ಕ್ಯಾಮೆರಾ. ನಾಲ್ಕು ಫ್ರೇಮ್ ಸಿಕ್ಕರೆ ಸಾಕು, ಅಲ್ಲಿ ಎರಡು ಶಾಟ್ ಸೇರಿಸಬಹುದು. ವೇಗ 0.5ಕ್ಕೆ ಇಳಿಸಿ ಆ ಕಿಟಕಿಯನ್ನ ಮತ್ತೆ ನೋಡಿ. ಅಂಥ ಮರೆ ಎಲ್ಲೂ ಇಲ್ಲ.

ಕರಿಕೋಟು:

ನಾಲ್ಕನೆಯದು ನನ್ನ ಕ್ಷೇತ್ರ. ಮೊದಲ ಕಂತಿನಷ್ಟು ಎಚ್ಚರದಿಂದ ಠಾಣೆಯನ್ನು ತೋರಿಸಿದ ಧಾರಾವಾಹಿಗಳು ಕಡಿಮೆ. ಇದು ಇಂಗ್ಲೆಂಡಿನ ಕಾನೂನು ಅನ್ನೋದನ್ನ ಮನಸ್ಸಲ್ಲಿಟ್ಟುಕೊಂಡು ನೋಡಿ. ಬೇರೆ ದೇಶದ ಅಳತೆಗೋಲು ಹಿಡಿದರೆ ಎಲ್ಲ ವಿಚಿತ್ರವಾಗಿ ಕಾಣುತ್ತೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರಿಮಿನಲ್ ಹೊಣೆಗಾರಿಕೆಯ ವಯಸ್ಸು 10. ಆದ್ದರಿಂದ 13ರ ಜೇಮಿಯ ಮೇಲೆ ಕೊಲೆ ಆರೋಪ ಹೊರಿಸಬಹುದು. ಠಾಣೆಯ ಕ್ರಮಗಳಿಗೆ ಆಧಾರ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯಿದೆ. 18ರೊಳಗಿನವರನ್ನ ವಿಚಾರಿಸುವಾಗ ಪಕ್ಕದಲ್ಲಿ ಒಬ್ಬ ‘ಸೂಕ್ತ ವಯಸ್ಕ’ ಇರಬೇಕು. ಹೆತ್ತವರು, ಪೋಷಕರು, ಸಮಾಜ ಕಾರ್ಯಕರ್ತರು ಆಗಬಹುದು. ಪೊಲೀಸರು ಆಗುವಂತಿಲ್ಲ. ವಕೀಲರಾಗಿ ಬಂದವರೂ ಆ ಪಾತ್ರ ವಹಿಸುವಂತಿಲ್ಲ, ಅದಕ್ಕೇ ಕೋಣೆಯಲ್ಲಿ ವಕೀಲ ಬಾರ್ಲೋ ಇದ್ದರೂ ಎಡಿ ಬೇಕು. ಜೇಮಿ ಅಪ್ಪನನ್ನ ಆರಿಸಿಕೊಳ್ಳೋದು ಭಾವುಕತೆಗಾಗಿ ತುರುಕಿದ ಸಂಗತಿ ಅಂತ ಕೆಲವರು ಬರೆದಿದ್ದರು. ಅಲ್ಲ, ಯಾರಾದರೊಬ್ಬರು ಇರಲೇಬೇಕು. ಕಥೆಗಾರರು ಮಾಡಿದ್ದು ಇಷ್ಟೇ: ಆ ನಿಯಮವನ್ನೇ ಅಪ್ಪನ ನರಕ ಮಾಡಿದರು. ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುವಾಗ ಹುಡುಗನನ್ನ ತೋರಿಸದೆ ಎಡಿಯ ಮುಖ ಹಿಡಿದದ್ದು ನೆನಪಿದೆಯಲ್ಲ?

14 ತುಂಬದ ಮಗುವಾದರೆ ರಕ್ತದಂಥ ಮಾದರಿಗೆ ಒಪ್ಪಿಗೆ ಕೊಡಬೇಕಾದ್ದು ಹೆತ್ತವರು. 14ರಿಂದ 17ರವರೆಗೆ ಇಬ್ಬರೂ ಒಪ್ಪಬೇಕು. ಬಂಧನದ ಗಡಿಯಾರ ಠಾಣೆ ತಲುಪಿದಾಗಿನಿಂದ ಓಡುತ್ತೆ: ಮಾಮೂಲಿಗೆ 24 ಗಂಟೆ, ಗಂಭೀರ ಅಪರಾಧಕ್ಕೆ ಸೂಪರಿಂಟೆಂಡೆಂಟ್ 36ರವರೆಗೆ ಎಳೆಯಬಹುದು, ಮ್ಯಾಜಿಸ್ಟ್ರೇಟ್ ಅನುಮತಿಯಿಂದ ಒಟ್ಟು 96.

ಇನ್ನು ಮೌನದ ವಿಷಯ. ಇಂಗ್ಲೆಂಡಿನಲ್ಲಿ ಸುಮ್ಮನಿರೋ ಹಕ್ಕಿದೆ, ಆದರೆ ಪುಕ್ಕಟೆ ಅಲ್ಲ. 1994ರ ಕಾಯಿದೆಯ ನಂತರ, ವಿಚಾರಣೆಯಲ್ಲಿ ಹೇಳದ ಸಂಗತಿಯನ್ನ ಮುಂದೆ ಕೋರ್ಟಿನಲ್ಲಿ ನೆಚ್ಚಿಕೊಂಡರೆ ಜ್ಯೂರಿ ಅದನ್ನ ಪ್ರತಿಕೂಲವಾಗಿ ನೋಡಬಹುದು. ಬಂಧಿಸುವಾಗ ಓದಿ ಹೇಳುವ ಎಚ್ಚರಿಕೆಯ ಮಾತಿನಲ್ಲೇ ಇದಿದೆ. ಪೊಲೀಸರು ಕೈಯಲ್ಲಿರೋ ಸಾಕ್ಷ್ಯವನ್ನೆಲ್ಲ ಮೊದಲೇ ವಕೀಲರ ಮುಂದೆ ಸುರಿಯಬೇಕಾಗಿಲ್ಲ. ತನಿಖಾಧಿಕಾರಿ ಬ್ಯಾಸ್ಕೂಂಬ್ ಸಿಸಿಟಿವಿಯನ್ನ ಕೊನೆಗೆ ತೆಗೆದದ್ದು ನಾಟಕೀಯವಾಗಿ ಕಂಡರೂ ತಂತ್ರವಾಗಿ ಮಾಮೂಲಿ.

ಮಧ್ಯರಾತ್ರಿ_ಕಂತು:

ಎರಡು ಮತ್ತು ಮೂರಕ್ಕೆ.

‘ಯಾರು’ ಅನ್ನೋದನ್ನ ಮೊದಲ ಗಂಟೆಯಲ್ಲೇ ಮುಗಿಸಿದ್ದು ಧೈರ್ಯ ಅಂತ ಹೊಗಳ್ತಾರೆ. ನನ್ನ ಪ್ರಕಾರ ಅದು ಅನಿವಾರ್ಯ. ಕತ್ತರಿ ಇಲ್ಲದ ಕಥೆಯಲ್ಲಿ ಪತ್ತೇದಾರಿ ಆಟ ಆಡೋಕೇ ಬರಲ್ಲ. ಸುಳಿವು ಬಿಡಬೇಕಂದ್ರೆ ಒಂದು ವಸ್ತುವಿನ ಹತ್ತಿರದ ಚಿತ್ರ ಬೇಕು, ಅತ್ತ ಇನ್ನೊಬ್ಬ ಶಂಕಿತ ಏನು ಮಾಡ್ತಿದ್ದ ಅಂತ ತೋರಿಸೋಕೆ ಇನ್ನೊಂದು ಜಾಗ ಬೇಕು, ಹಿಂದಿನ ದಿನಕ್ಕೆ ಹೋಗಬೇಕು. ಇಲ್ಲಿ ಮೂರೂ ಇಲ್ಲ. ಕ್ಯಾಮೆರಾ ಯಾರ ಜೊತೆ ನಡೆಯುತ್ತೋ ಅವರಿಗೆ ತಿಳಿದಷ್ಟೇ ನಮಗೂ ತಿಳಿಯೋದು. ಉಳಿಯೋ ಪ್ರಶ್ನೆ ಒಂದೇ, ಈ ಮನುಷ್ಯ ಮುಂದಿನ ನಿಮಿಷ ಹೇಗೆ ತಡ್ಕೋತಾನೆ? ಥ್ರಿಲ್ ಇರೋದು ಅಲ್ಲೇ.

ಶಾಲೆಯ ಕಂತು ಸಡಿಲವಾಗಿರೋದು ನಿಜ. ಕಾರಣ ಸರಳ. ಠಾಣೆ, ಸಂದರ್ಶನದ ಕೋಣೆ, ಮನೆ, ಇವು ಮೂರೂ ಮುಚ್ಚಿದ ಜಾಗ. ಶಾಲೆ ತೆರೆದ ಜಾಗ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಕಾರಿಡಾರನ್ನ ಕತ್ತರಿಸೋಕಾಗಲ್ಲ, ಹಾಗಾಗಿ ಅಲ್ಲೆಲ್ಲ ಯಾರಾದ್ರೂ ಮಾತಾಡ್ತಾನೇ ಇರಬೇಕು. ಮಾತು ಕಡಿಮೆ ಬಿದ್ದ ಕಡೆ ಶಿಕ್ಷಕರನ್ನ, ಗಲಾಟೆ ಮಕ್ಕಳನ್ನ ತುಂಬಿಸಿದ್ದಾರೆ. ಕೆಲವು ಶಿಕ್ಷಕರು ವ್ಯಂಗ್ಯಚಿತ್ರದ ಮಟ್ಟಕ್ಕೆ ಇಳಿದದ್ದು ಅದಕ್ಕೇ. ಮೊದಲ ಕಂತಲ್ಲೂ ಮನೆಯಿಂದ ಠಾಣೆಗೆ ಹೋಗೋ ದಾರಿ ಇದೆ, ಆದರೆ ಅಲ್ಲಿ ವ್ಯಾನಿನೊಳಗೆ ಜೇಮಿಯ ಮುಖವೇ ಸಾಕಾಗುತ್ತೆ. ಆ ಮನೆಯನ್ನೂ ಸ್ಟುಡಿಯೋದಿಂದ ಕೆಲವೇ ನಿಮಿಷದ ದೂರದಲ್ಲಿ ಹುಡುಕಿಕೊಂಡಿದ್ದರು.

ಆದ್ರೂ ಆ ಕಂತಲ್ಲೇ ಇಡೀ ತನಿಖೆ ತಿರುಗೋದು. ಬ್ಯಾಸ್ಕೂಂಬ್ ಮಗ ಆ್ಯಡಮ್ ಖಾಲಿ ಕೋಣೆಯಲ್ಲಿ ಅಪ್ಪನಿಗೆ ಎಮೋಜಿಗಳ ಪಾಠ ಹೇಳ್ತಾನೆ: ಕೆಂಪು ಹೃದಯ ಪ್ರೀತಿ, ನೇರಳೆ ಕಾಮ, ಹಳದಿ ‘ನನಗೆ ಆಸಕ್ತಿ ಇದೆ, ನಿನಗೆ?’, ಕಿತ್ತಳೆ ‘ಚಿಂತೆ ಮಾಡ್ಬೇಡ’. 100ರ ಗುರುತು ‘80-20’ರ ಲೆಕ್ಕ, ಅಂದ್ರೆ ನೂರಕ್ಕೆ 80 ಹೆಣ್ಣುಮಕ್ಕಳು ಮೆಚ್ಚೋದು 20 ಗಂಡಸರನ್ನ ಮಾತ್ರ ಅನ್ನೋ ಹರಕು ಸಿದ್ಧಾಂತ. ಅಲ್ಲಿಯವರೆಗೆ ಪೊಲೀಸರು ಜೇಮಿಯ ಇನ್‌ಸ್ಟಾಗ್ರಾಂನಲ್ಲಿ ಕೇಟಿ ಹಾಕಿದ ಕಾಮೆಂಟುಗಳನ್ನ ಸ್ನೇಹ ಅಂತ ಓದಿದ್ದರು. ಅದು ಅಣಕ. ಕೆಲಸದಲ್ಲಿ ಹುಲಿ ಅನ್ನಿಸಿಕೊಂಡವನು ತನ್ನ ಮಗ ದಿನಾ ಆಡೋ ಭಾಷೆ ಓದೋಕೆ ಬಾರದೆ ನಿಂತಿರ್ತಾನೆ. ಸಪ್ಪೆ ಅಂದವರು ಇದೊಂದು ದೃಶ್ಯವನ್ನಾದ್ರೂ ಮತ್ತೆ ನೋಡಬೇಕು.

ನಿಧಾನಿ:

ಎಲ್ಲರೂ ಕ್ಯಾಮೆರಾ, ಕಾನೂನು ಅಂತಿದ್ದೀರಿ. ಕೇಟಿ ಎಲ್ಲಿ?

ನಾಲ್ಕು ಗಂಟೆಗಳಲ್ಲಿ ಆ ಹುಡುಗಿಗೆ ಒಂದು ದೃಶ್ಯವಿಲ್ಲ. ದೂರದ ಸಿಸಿಟಿವಿಯಲ್ಲಿ ಒಂದು ಆಕೃತಿ, ಕೆಲವು ಫೋಟೊ, ಅಷ್ಟೇ. ಅಪ್ಪ ಅಮ್ಮನ ಮುಖ ಕೂಡ ಇಲ್ಲ. ಎರಡನೇ ಕಂತಲ್ಲಿ ಬ್ಯಾಸ್ಕೂಂಬ್ ಜೊತೆಗಿರೋ ಡಿಎಸ್ (ಡಿಟೆಕ್ಟಿವ್ ಸಾರ್ಜೆಂಟ್) ಫ್ರಾಂಕ್ ಬಾಯಲ್ಲೇ ಇದನ್ನ ಹೇಳಿಸ್ತಾರೆ, ಎಲ್ಲರೂ ಜೇಮಿಯನ್ನ ನೆನಪಿಟ್ಟುಕೊಳ್ತಾರೆ, ಕೇಟಿಯನ್ನಲ್ಲ ಅಂತ. ತಪ್ಪೊಪ್ಪಿಗೆ ಪತ್ರ ಬರೆದು ಅದೇ ತಪ್ಪು ಮುಂದುವರಿಸಿದ ಹಾಗಾಯ್ತು. ಅವಳ ಗೆಳತಿ ಜೇಡ್ ಒಬ್ಬಳೇ ಆ ದುಃಖಕ್ಕೆ ಒಂದು ಮುಖ, ಅವಳನ್ನೂ ಅರ್ಧಕ್ಕೇ ಬಿಟ್ಟು ಕ್ಯಾಮೆರಾ ಬೇರೆಯವರ ಹಿಂದೆ ಹೋಗಿಬಿಡುತ್ತೆ.

ಮಧ್ಯರಾತ್ರಿ_ಕಂತು:

@ನಿಧಾನಿ, ಅದೂ ಈ ಕಟ್ಟುಪಾಡಿನದೇ ಫಲ ಅಲ್ವಾ? ಎಡಿಯ ಮನೆಯಿಂದ ಕೇಟಿಯ ಮನೆಗೆ ಕಟ್ ಮಾಡೋಕಾಗಲ್ಲ.

ನಿಧಾನಿ:

ಒಪ್ಪಲ್ಲ. ಕಂತಿನೊಳಗೆ ಕಟ್ ಮಾಡೋಕಾಗಲ್ಲ, ಸರಿ. ಕಂತುಗಳ ನಡುವೆ? ಮೊದಲನೆಯದು ಬಂಧನದ ಬೆಳಗ್ಗೆ, ಎರಡನೆಯದು ಮೂರನೇ ದಿನ, ಮೂರನೆಯದು ಏಳು ತಿಂಗಳ ಮೇಲೆ, ನಾಲ್ಕನೆಯದು ಹದಿಮೂರು ತಿಂಗಳ ಮೇಲೆ. ಹದಿಮೂರು ತಿಂಗಳಿನಿಂದ ಯಾವ ನಾಲ್ಕು ತುಂಡು ಆರಿಸಬೇಕು ಅಂತ ತೀರ್ಮಾನಿಸಿದವರು ಕಥೆ ಬರೆದ ಜ್ಯಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರಹಾಂ, ಕ್ಯಾಮೆರಾ ಅಲ್ಲ. ಎಡಿಯ 50ನೇ ಹುಟ್ಟುಹಬ್ಬಕ್ಕೆ, ವ್ಯಾನಿನ ಮೇಲೆ ಬಳಿದ ಬೈಗುಳ ಅಳಿಸೋಕೆ ಬಣ್ಣ ಕೊಳ್ಳುವ ಪ್ರಯಾಣಕ್ಕೆ ಒಂದು ಗಂಟೆ ಇತ್ತಲ್ಲ? ಆ ಗಂಟೆ ಚೆನ್ನಾಗಿದೆ, ನಾನೂ ಅತ್ತೆ. ಆದ್ರೆ ‘ಜಾಗ ಇರಲಿಲ್ಲ’ ಅನ್ನಬೇಡಿ, ಜಾಗ ಬೇರೆಯವರಿಗೆ ಕೊಟ್ಟರು ಅನ್ನಿ. ಹಾಗೆ ಕೊಟ್ಟದ್ದಕ್ಕೆ ಕಾರಣ ಇರಬಹುದು. ಇದು ಮಾಡಿದವನ ಮನೆಯ ಕಥೆ, ಅಂಥ ಮನೆಯಲ್ಲಿ ರಾಕ್ಷಸರು ಇರಲಿಲ್ಲ ಅಂತ ತೋರಿಸೋ ಹಟ ಅವರದು. ಆ ಹಟವನ್ನ ಗೌರವಿಸ್ತೀನಿ. ತಂತ್ರದ ತಲೆಗೆ ಕಟ್ಟೋದು ಮಾತ್ರ ಬೇಡ.

ಫೋಕಸ್‌ಪುಲ್ಲರ್:

ಇದು ಸರಿಯಾದ ಮಾತು. ತಂತ್ರದವರ ಕಡೆಯಿಂದ ಒಪ್ಪಿಕೊಂಡೆ.

ಕಿಟಕಿಬದಿ:

ಕಿಟಕಿಯನ್ನ 0.5ರಲ್ಲಿ ನೋಡಿದೆ. ಸೋಲೊಪ್ಪಿಕೊಂಡೆ. ಮೂರನೇ ಕಂತಿನ ಬಗ್ಗೆ ಯಾರೂ ಮಾತೆತ್ತಲಿಲ್ಲ. ಇಬ್ಬರು, ಒಂದು ಮೇಜು, ಸುಮಾರು ಐವತ್ತು ನಿಮಿಷ. ಬೇಜಾರಾಗಬೇಕಿತ್ತು, ಉಸಿರು ಬಿಡೋಕೂ ಆಗಲಿಲ್ಲ.

ಕರಿಕೋಟು:

ಮೊದಲು ಒಂದು ಸ್ಪಷ್ಟನೆ. ಬ್ರಯೊನಿ ಜೇಮಿಗೆ ಚಿಕಿತ್ಸೆ ಕೊಡೋಕೆ ಬಂದವಳಲ್ಲ. ತನ್ನ ಮೇಲಿನ ಪ್ರಕರಣ ಅವನಿಗೆ ಎಷ್ಟು ಅರ್ಥವಾಗಿದೆ ಅಂತ ಕೋರ್ಟಿಗೆ ಸ್ವತಂತ್ರ ವರದಿ ಕೊಡೋ ಮನಶ್ಶಾಸ್ತ್ರಜ್ಞೆ. ಕೊನೆಗೆ ಅವನು ‘ನಾನಂದ್ರೆ ನಿಮಗೆ ಇಷ್ಟಾನಾ’ ಅಂತ ಕೂಗಿದಾಗ ಅವಳು ಉತ್ತರ ಕೊಡದೇ ಇರೋದು ಕಲ್ಲುಮನಸ್ಸಿನಿಂದಲ್ಲ. ವರದಿ ಬರೆಯೋಳು ಅದಕ್ಕೆ ಉತ್ತರ ಕೊಡುವಂತಿಲ್ಲ.

ಮಧ್ಯರಾತ್ರಿ_ಕಂತು:

ಜೇಮಿ ಪಾತ್ರದ ಓವನ್ ಕೂಪರ್‌ಗೆ ಇದು ಮೊದಲ ನಟನೆ, ಅದರಲ್ಲೂ ಮೊದಲು ಚಿತ್ರೀಕರಿಸಿದ್ದು ಈ ಮೂರನೇ ಕಂತನ್ನೇ. 15ನೇ ವಯಸ್ಸಿಗೆ ಎಮ್ಮಿ ಸಿಕ್ಕಿದ್ದು ಸುಮ್ಮನೆ ಅಲ್ಲ. ನಡುವೆ ಅವನು ಆಕಳಿಸ್ತಾನಲ್ಲ, ಅದು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ. ನಿಜವಾಗಲೂ ಆಕಳಿಕೆ ಬಂತು. ಬ್ರಯೊನಿ ಪಾತ್ರದ ಎರಿನ್ ಡೊಹರ್ಟಿ ಅಲ್ಲೇ ‘ಬೋರ್ ಹೊಡೆಸ್ತಿದ್ದೀನಾ?’ ಅಂತ ಕೇಳಿಬಿಟ್ಟರು, ಅವನು ನಕ್ಕ. ಇಬ್ಬರೂ ಪಾತ್ರ ಬಿಟ್ಟು ಕದಲಲಿಲ್ಲ.

ನಿಧಾನಿ:

ನೀವು ಆ ಸ್ಯಾಂಡ್‌ವಿಚ್ ನೋಡಿ. ಬ್ರಯೊನಿ ತಂದಿರೋದು ಅರ್ಧ ಚೀಸ್-ಪಿಕಲ್ ಸ್ಯಾಂಡ್‌ವಿಚ್. ಜೇಮಿಗೆ ಪಿಕಲ್ ಇಷ್ಟ ಇಲ್ಲ, ಹಾಗಂತ ಹೇಳ್ತಾನೆ, ಆದ್ರೂ ಒಂದು ತುತ್ತು ಕಚ್ತಾನೆ. ಆಮೇಲೆ ಬಿಸಿ ಚಾಕೊಲೇಟ್ ಲೋಟ ಹಾರುತ್ತೆ, ಕುರ್ಚಿ, ಕೂಗಾಟ, ಎಲ್ಲ. ‘ಬೇರೆ ಹುಡುಗರಾಗಿದ್ರೆ ಅವಳ (ಕೇಟಿಯ) ಮೈ ಮುಟ್ತಿದ್ರು, ನಾನು ಮುಟ್ಟಲಿಲ್ಲ’ ಅನ್ನೋದನ್ನ ತನ್ನ ಒಳ್ಳೆತನಕ್ಕೆ ಸಾಕ್ಷಿ ಅನ್ನೋ ಹಾಗೆ ಹೇಳ್ತಾನೆ. ಅವನನ್ನ ಎಳೆದುಕೊಂಡು ಹೋದ ಮೇಲೆ ಬ್ರಯೊನಿ ಒಬ್ಬಳೇ ಉಳಿತಾಳೆ. ಕಾಗದ ಜೋಡಿಸ್ತಾ ಆ ಸ್ಯಾಂಡ್‌ವಿಚ್‌ಗೆ ಕೈ ಹಾಕ್ತಾಳೆ. ಅದರಲ್ಲಿ ಅವನ ಹಲ್ಲಿನ ಗುರುತು ಕಾಣುತ್ತೆ. ಕೈ ತಾನಾಗೇ ಹಿಂದಕ್ಕೆ ಬರುತ್ತೆ.