ಸಹಾಯ ಬೇಕು: ಗೌಟ್ ಇದ್ದೂ ಬಸ್ ಓಡಿಸುವವರು ಯಾರಾದರೂ ಇದ್ದೀರಾ?

ನಮ್ಮ ಯಜಮಾನರು ಹಾಸನದಲ್ಲಿ ಖಾಸಗಿ ಬಸ್ ಚಾಲಕರು, ವಯಸ್ಸು 46. ಬಲಗಾಲಿನ ಹೆಬ್ಬೆರಳಿಗೆ ಗೌಟ್, ಅಂದರೆ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಕೀಲಿನಲ್ಲಿ ಹರಳುಗಟ್ಟಿ ಬರುವ ಊತ, ನೋವು. ನೋವು ಕಾಣಿಸಿಕೊಳ್ಳುವುದು ಹೆಚ್ಚಾಗಿ ನಡುರಾತ್ರಿ. ಬೆರಳಿನ ಬುಡ ಕೆಂಪಗೆ ಊದಿಕೊಂಡು, ಹೊದಿಕೆಯ ಅಂಚು ತಗುಲಿದರೂ ಹಲ್ಲು ಕಚ್ಚಿ ಹಿಡಿಯುತ್ತಾರೆ. ಬೆಳಗಿನ ಪಾಳಿಗೆ ಶೂ ಕಾಲಿಗೇರುವುದಿಲ್ಲ, ಇನ್ನು ಬ್ರೇಕ್ ಒತ್ತುವುದು ದೂರದ ಮಾತು. ರಜೆ ಹಾಕಿದಷ್ಟು ದಿನ ಸಂಬಳ ಖೋತಾ. ನೋವು ಇಳಿದ ಮೇಲೆ ಆರಾಮಾಗಿ ಓಡಾಡುವುದರಿಂದ ಮಾಲೀಕರಿಗೆ ಇದೆಲ್ಲ ನೆಪದಂತೆ ಕಾಣುತ್ತದೆ. ನೆಂಟರದ್ದು ಒಂದೇ ರಾಗ, ಬಾಡೂಟ ಜಾಸ್ತಿಯಾಯಿತು ಎಂದು. ಮೂತ್ರಪಿಂಡ ಯೂರಿಕ್ ಆಮ್ಲವನ್ನು ಸರಿಯಾಗಿ ಹೊರಹಾಕದಿದ್ದರೂ ಬರುತ್ತದೆ ಎಂದರೆ ಕೇಳುವವರಿಲ್ಲ.

ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಮ್ಲ 9.1 mg/dL ಇದೆ. 6ಕ್ಕಿಂತ ಕೆಳಗಿಳಿಸಬೇಕೆಂದು ವೈದ್ಯರು ಅಲೋಪ್ಯೂರಿನಾಲ್ ಶುರು ಮಾಡಿದ್ದಾರೆ. ಮೊದಲ ಕೆಲವು ತಿಂಗಳು ನೋವು ಮರುಕಳಿಸಬಹುದು, ಆದರೂ ಮಾತ್ರೆ ನಿಲ್ಲಿಸಬೇಡಿ ಎಂದಿದ್ದಾರೆ. ಇವರಿಗೆ ಅದೇ ಹೆದರಿಕೆ.

ಈ ಹಂತ ದಾಟಿದವರು ದಯವಿಟ್ಟು ತಿಳಿಸಿ: ಕೆಲಸ ಮತ್ತೆ ಹಿಡಿತಕ್ಕೆ ಬರಲು ಎಷ್ಟು ಸಮಯ ಹಿಡಿಯಿತು? ದಾರಿ ಮಧ್ಯೆ ನೋವು ಶುರುವಾದರೆ ಏನು ಮಾಡುತ್ತೀರಿ? ನೀರು ಹೆಚ್ಚು ಕುಡಿಯಬೇಕಂತೆ, ಆದರೆ ಶೌಚಾಲಯವಿಲ್ಲದ ದಾರಿಯಲ್ಲಿ ಚಾಲಕರು ಹೇಗೆ ಕುಡಿಯುವುದು? ಬೆರಳಿನ ಕಡೆ ಅಗಲವಿರುವ ಶೂ ಹಾಸನದಲ್ಲಿ ಸಿಗುತ್ತದೆಯೇ? ಕಷಾಯದ ಸಲಹೆಗಳು ಈಗಾಗಲೇ ಸಾಕಷ್ಟಿವೆ, ಅವನ್ನು ಬಿಟ್ಟು ಹೇಳಿ.